ಕರೆಂಟ್ ತೆಗೆದರೆ ಎಚ್ಚರಾಗುವ ದೀಪ: ಎಮರ್ಜೆನ್ಸಿ ಲೈಟಿನ ಬ್ಯಾಟರಿ ಯಾರ ಕೈಗೆ ಸಿಗಬೇಕು?

ಐರೋಪ್ಯ ಒಕ್ಕೂಟದ ಹೊಸ ಬ್ಯಾಟರಿ ಕಾನೂನಿನ ಸುದ್ದಿ ಹೆಚ್ಚಾಗಿ ಫೋನು, ಇಯರ್‌ಫೋನುಗಳ ಸುತ್ತಲೇ ತಿರುಗಿತು. 2027ರ ಫೆಬ್ರವರಿ 18ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಉಪಕರಣಗಳಲ್ಲಿ, ಸಣ್ಣ ಬ್ಯಾಟರಿಯನ್ನು ಬಳಸುವವರೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು ಅನ್ನುವುದು ಅದರ ಸಾರ. ಕೇಳಲು ಸರಳವಾಗಿದೆ. ಆದರೆ ಇದೇ ಮಾತನ್ನು ಎಮರ್ಜೆನ್ಸಿ ಲೈಟಿಗೆ ಹೊಂದಿಸಲು ಹೋದರೆ ತಲೆ ಕೆಡುತ್ತದೆ. ಇಂಥ ದೀಪಗಳ ಮೇಲೆ ಸಾಮಾನ್ಯವಾಗಿ ಅಂಟಿಸಿರುವ ಚೀಟಿ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ: ತೆರೆಯಬೇಡಿ, ಒಳಗೆ ವಿದ್ಯುತ್ ಅಪಾಯವಿದೆ, ಎಲೆಕ್ಟ್ರಿಷಿಯನ್ ಕರೆಯಿರಿ.

ಹಾಗಾದರೆ ಇನ್ನು ಮುಂದೆ ಯಾರು ಬೇಕಾದರೂ ಏಣಿ ಹತ್ತಿ ದೀಪ ಬಿಚ್ಚಬಹುದಾ? ಚೀಟಿ ಬರೆದವರು ಇಷ್ಟು ವರ್ಷ ಸುಮ್ನೆ ಹೆದರಿಸಿದರಾ? ಇಲ್ಲ. ಚೀಟಿಯೂ ಸರಿ, ಕಾನೂನೂ ಸರಿ. ಆದರೆ ಎರಡೂ ಒಂದೇ ದೀಪದ ವಿಷಯದಲ್ಲಿ ಸರಿಯಾಗಬೇಕಾದರೆ ಆ ದೀಪವನ್ನು ಬೇರೆ ಥರ ಕಟ್ಟಬೇಕು. ಅದು ಹೇಗೆ ಅನ್ನುವುದು ಗೊತ್ತಾಗಲು ಪೆಟ್ಟಿಗೆಯ ಒಳಗೆ ಏನಿದೆ ಅನ್ನುವುದರಿಂದ ಶುರು ಮಾಡಬೇಕು.

## ಒಂದೇ ಹೆಸರು, ಎರಡು ದೀಪ

ನಮ್ಮ ಮಾತಿನಲ್ಲಿ ಎಮರ್ಜೆನ್ಸಿ ಲೈಟ್ ಅಂದರೆ ಕೈಯಲ್ಲಿ ಎತ್ತಿಕೊಂಡು ಓಡಾಡುವ, ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ದೀಪ. ಕಟ್ಟಡಗಳ ಲೆಕ್ಕದಲ್ಲಿ ಆ ಹೆಸರು ಇನ್ನೊಂದಕ್ಕೆ ಸೇರಿದ್ದು. ಮೆಟ್ಟಿಲು, ಕಾರಿಡಾರ್, ಹೊರದಾರಿಯ ಬಾಗಿಲಿನ ಮೇಲೆ ಕಾಯಂ ಆಗಿ ಕೂರಿಸಿದ ದೀಪ ಅದು. ಹಸಿರು ಎಕ್ಸಿಟ್ ಬೋರ್ಡ್ ಕೂಡ ಅದೇ ಕುಟುಂಬದ್ದು.

ಎರಡರ ಒಳಗೂ ಇರುವುದು ಅದೇ ಸಾಮಾನು: ಒಂದು ಚಾರ್ಜರ್, ಒಂದು ಬ್ಯಾಟರಿ, ಎಲ್‌ಇಡಿ, ಮತ್ತೆ ಕರೆಂಟ್ ಹೋಯಿತು ಅನ್ನುವುದನ್ನು ಗಮನಿಸುವ ಒಂದು ಸರ್ಕ್ಯೂಟ್. ಕೆಲಸ ಮಾತ್ರ ಬೇರೆ. ಕೈದೀಪ ಕೆಟ್ಟರೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ, ಅಷ್ಟೇ. ಮೆಟ್ಟಿಲ ಮೇಲಿನ ದೀಪ ಕೆಟ್ಟರೆ, ಹೊಗೆ ತುಂಬಿದ ಕಟ್ಟಡದಿಂದ ಜನ ಹೊರಬರುವ ದಾರಿಯೇ ಕಾಣುವುದಿಲ್ಲ. ಅದಕ್ಕೇ ಈ ಎರಡನೆಯ ದೀಪಕ್ಕೆ ನಿಯಮಗಳು ಬಿಗಿ. ಯುರೋಪಿನ ಇಎನ್ 1838 ಮಾನದಂಡದ ಪ್ರಕಾರ ಹೊರದಾರಿಯ ನೆಲದ ಮೇಲೆ ಕನಿಷ್ಠ 1 ಲಕ್ಸ್ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೇಕು. ಅದರ ಅರ್ಧ 5 ಸೆಕೆಂಡಿನೊಳಗೆ ಬರಬೇಕು, ಪೂರ್ತಿ 60 ಸೆಕೆಂಡಿನೊಳಗೆ. ಕನಿಷ್ಠ 1 ಗಂಟೆ ಉರಿಯಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 3 ಗಂಟೆ ಇಟ್ಟುಕೊಳ್ಳುತ್ತಾರೆ, ಅಮೆರಿಕದಲ್ಲಿ 90 ನಿಮಿಷ.

ಈ ಲೇಖನದ ಗಮನ ಹೆಚ್ಚಾಗಿ ಈ ಕಾಯಂ ದೀಪದ ಮೇಲೆ. ಕೈದೀಪ ನಡುವೆ ಒಂದೆರಡು ಸಲ ಬಂದು ಹೋಗುತ್ತದೆ. ಒಂದು ವಿಷಯದಲ್ಲಂತೂ ಅದೇ ಜಾಸ್ತಿ ಅಪಾಯಕಾರಿ.

## ಮೊದಲು ಸಾಯುವುದು ಬ್ಯಾಟರಿ

ಬ್ಯಾಟರಿ ಬದಲಿಸುವ ಪ್ರಶ್ನೆ ಯಾಕೆ ಬರುತ್ತದೆ? ಯಾಕೆಂದರೆ ದೀಪದ ಉಳಿದ ಭಾಗಗಳಿಗಿಂತ ಅದರ ಆಯಸ್ಸು ತುಂಬಾ ಕಡಿಮೆ. ಐಇಸಿ 60598-2-22 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಈ ದೀಪಗಳ ಬ್ಯಾಟರಿಯಿಂದ ಕೇಳುವುದು ಕನಿಷ್ಠ 4 ವರ್ಷದ ಬಾಳಿಕೆ. ಎಲ್‌ಇಡಿಗೆ 50,000 ಗಂಟೆ ಅನ್ನುವುದು ಮಾಮೂಲಿ ಲೆಕ್ಕ. ಹಗಲು ರಾತ್ರಿ ಉರಿಯುವ ಎಕ್ಸಿಟ್ ಬೋರ್ಡಿನಲ್ಲಿ ಅದು ಐದೂವರೆ ವರ್ಷ ದಾಟುತ್ತದೆ. ಕರೆಂಟ್ ಹೋದಾಗ ಮಾತ್ರ ಉರಿಯುವ ದೀಪದಲ್ಲಿ ಎಲ್‌ಇಡಿ ಹೆಚ್ಚುಕಡಿಮೆ ಹೊಸದಾಗಿಯೇ ಇರುತ್ತದೆ. ಬ್ಯಾಟರಿ ಸತ್ತಿತು ಅಂತ ಇಡೀ ದೀಪವನ್ನು ಕಸಕ್ಕೆ ಹಾಕುವುದು ಅಂದರೆ ಒಳ್ಳೆಯ ಎಲ್‌ಇಡಿ, ಒಳ್ಳೆಯ ಚಾರ್ಜರ್, ಒಳ್ಳೆಯ ಪೆಟ್ಟಿಗೆ ಎಲ್ಲವನ್ನೂ ಎಸೆದ ಹಾಗೆ.

ಬ್ಯಾಟರಿ ಬೇಗ ಸಾಯಲು ಎರಡು ಕಾರಣ. ಒಂದು, ಅದು ವರ್ಷವಿಡೀ ಚಾರ್ಜಿನಲ್ಲೇ ಇರುತ್ತದೆ. ಬಳಕೆ ತೀರಾ ಕಡಿಮೆ, ತುಂಬಿಸುವುದು ಮಾತ್ರ ನಿರಂತರ. ಎರಡು, ಬಿಸಿ. ಬ್ಯಾಟರಿಯ ಸುತ್ತಲಿನ ಬಿಸಿ 10 ಡಿಗ್ರಿ ಹೆಚ್ಚಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಹಳೆಯ ವಿನ್ಯಾಸಗಳಲ್ಲಿ ಬ್ಯಾಟರಿ ಕೂರುವುದು ಎಲ್ಲಿ? ಬಿಸಿಯಾಗುವ ಡ್ರೈವರಿನ, ಅಂದರೆ ಎಲ್‌ಇಡಿಗೆ ಬೇಕಾದ ಕರೆಂಟ್ ಕೊಡುವ ಸರ್ಕ್ಯೂಟಿನ ಪಕ್ಕದಲ್ಲೇ. ಅದೂ ಗಾಳಿ ಆಡದ, ಮುಚ್ಚಿದ ಡಬ್ಬಿಯಲ್ಲಿ, ಸೀಲಿಂಗಿನ ಹತ್ತಿರ. ಅಡುಗೆ ಒಲೆಯ ಮಗ್ಗುಲಲ್ಲಿ ಹಾಲಿಟ್ಟ ಹಾಗೆ.

ಇದೇ ಕಾರಣಕ್ಕೆ ಈ ದೀಪಗಳಲ್ಲಿ ನಿಕಲ್ ಕ್ಯಾಡ್ಮಿಯಂ ಬಹಳ ಕಾಲ ರಾಜನಂತೆ ಮೆರೆಯಿತು. ಬಿಸಿ ತಾಳುತ್ತದೆ, ವರ್ಷಗಟ್ಟಲೆ ಸಣ್ಣ ಕರೆಂಟಿನಲ್ಲಿ ಚಾರ್ಜ್ ಆಗುತ್ತಲೇ ಇದ್ದರೂ ಗೊಣಗುವುದಿಲ್ಲ. ಆದರೆ ಕ್ಯಾಡ್ಮಿಯಂ ವಿಷ. 2006ರ ಐರೋಪ್ಯ ಬ್ಯಾಟರಿ ನಿರ್ದೇಶನ ಸಣ್ಣ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಅನ್ನು ನಿಷೇಧಿಸಿದಾಗ ಎಮರ್ಜೆನ್ಸಿ ದೀಪಗಳಿಗೆ ವಿನಾಯಿತಿ ಕೊಟ್ಟಿತ್ತು. ಅಷ್ಟರಮಟ್ಟಿಗೆ ಅದು ಅನಿವಾರ್ಯ ಅನಿಸಿತ್ತು. ಈಗ ಅದರ ಜಾಗಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬರುತ್ತಿದೆ. ಇದು ಹಗುರ, ಆಯಸ್ಸು ಜಾಸ್ತಿ, ಲಿಥಿಯಂ ಜಾತಿಯಲ್ಲಿ ಸಾಕಷ್ಟು ಶಾಂತ ಸ್ವಭಾವದ್ದು. ಈ ಬದಲಾವಣೆ ಒಂದು ಹೊಸ ತಲೆನೋವನ್ನೂ ತಂದಿದೆ. ಅದರ ಬಗ್ಗೆ ಮುಂದೆ ನೋಡೋಣ.

## ಕಾನೂನು ಕೇಳುವುದೇನು, ಬಿಡುವುದೇನು

ಕಾನೂನಿನ ಪೂರ್ತಿ ಹೆಸರು ಐರೋಪ್ಯ ಒಕ್ಕೂಟದ 2023/1542 ನಿಯಮಾವಳಿ. ಗೊಂದಲ ಹುಟ್ಟಿಸಿದ್ದು ಅದರ 11ನೇ ವಿಧಿ. ಅದು ಅನ್ವಯಿಸುವುದು ಪೋರ್ಟಬಲ್ ಬ್ಯಾಟರಿಗಳಿಗೆ. ಸೀಲ್ ಮಾಡಿದ, 5 ಕಿಲೋ ಮೀರದ, ಕೈಗಾರಿಕೆಗೆಂದೇ ಮಾಡಿದ್ದಲ್ಲದ, ವಾಹನದ್ದಲ್ಲದ ಬ್ಯಾಟರಿ ಎಲ್ಲ ಈ ಗುಂಪಿಗೆ ಬರುತ್ತದೆ. ದೀಪ ಗೋಡೆಗೆ ಕಾಯಂ ಆಗಿದ್ದರೂ ಅದರೊಳಗಿನ ಬ್ಯಾಟರಿ ಈ ಲೆಕ್ಕದಲ್ಲಿ ಪೋರ್ಟಬಲ್ ಆಗಬಹುದು. ಹೆಸರು ಕೇಳಿ ದಾರಿ ತಪ್ಪುವ ಜಾಗ ಇದು.

ಸುಲಭವಾಗಿ ತೆಗೆಯುವುದು ಅಂದರೇನು? ಅಂಗಡಿಯಲ್ಲಿ ಸಿಗುವ ಮಾಮೂಲಿ ಸಲಕರಣೆಯಿಂದ ಬಿಚ್ಚಲು ಬರಬೇಕು. ವಿಶೇಷ ಸಲಕರಣೆ ಬೇಕೇ ಬೇಕು ಅಂದರೆ ಅದನ್ನು ದೀಪದ ಜೊತೆ ಪುಕ್ಕಟೆ ಕೊಡಬೇಕು. ಕಂಪನಿಯವರ ಬಳಿ ಮಾತ್ರ ಇರುವ ಸಲಕರಣೆ, ಬಿಸಿ ಮಾಡುವುದು, ಅಂಟು ಕರಗಿಸುವ ದ್ರಾವಣ ಇವೆಲ್ಲ ಬೇಕಾಗಬಾರದು. ಆ ಮಾದರಿಯ ಕೊನೆಯ ದೀಪ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 5 ವರ್ಷ ಬದಲಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗಬೇಕು. ಹೇಗೆ ಬಿಚ್ಚಬೇಕು ಅನ್ನುವ ಸೂಚನೆ, ಸುರಕ್ಷತೆಯ ಮಾಹಿತಿ ಎರಡೂ ಜೊತೆಗಿರಬೇಕು. ಸಾಫ್ಟ್‌ವೇರ್ ಬಳಸಿ ಹೊಂದುವ ಬ್ಯಾಟರಿಯನ್ನು ತಡೆಯುವಂತಿಲ್ಲ. ಇನ್ನೊಂದು ಸಣ್ಣ ಅಂಶ: ಇದೆಲ್ಲ ಇಡೀ ಬ್ಯಾಟರಿ ಪ್ಯಾಕಿಗೆ ಸಂಬಂಧಿಸಿದ್ದು. ಒಳಗಿನ ಒಂದೊಂದು ಸೆಲ್ ಬಿಚ್ಚುವಂತಿರಬೇಕು ಅಂತ ಯಾರೂ ಕೇಳುತ್ತಿಲ್ಲ.

ಬಳಸುವವರು ಅಂದರೆ ಯಾರು ಅನ್ನುವುದರಲ್ಲೂ ಗೊಂದಲವಿದೆ. ಮನೆಯವರು ಮಾತ್ರ ಅಂತ ಹಲವರು ಅಂದುಕೊಂಡಿದ್ದಾರೆ. ಐರೋಪ್ಯ ಮಾರುಕಟ್ಟೆ ಕಾನೂನಿನ ವ್ಯಾಖ್ಯೆಯಲ್ಲಿ, ತಮ್ಮ ವೃತ್ತಿಯ ಕೆಲಸಕ್ಕೆ ಉಪಕರಣ ಬಳಸುವವರೂ ಸೇರುತ್ತಾರೆ. ಅಂದರೆ ಕಟ್ಟಡದ ನಿರ್ವಹಣೆಯವರೂ ಬಳಸುವವರೇ. ಕಾಯಂ ದೀಪದ ಬ್ಯಾಟರಿಯನ್ನು ನಿಜದಲ್ಲಿ ಬದಲಿಸುವವರು ಅವರೇ. ದಾರಿಹೋಕರಲ್ಲ.

ವಿನಾಯಿತಿ ಇಲ್ಲವೇ? ಇದೆ. ವಿದ್ಯುತ್ ಎಡೆಬಿಡದೆ ಸಿಗಲೇಬೇಕು, ಜೊತೆಗೆ ಬಳಸುವವರ ಮತ್ತು ಉಪಕರಣದ ಸುರಕ್ಷತೆಗಾಗಿ ಬ್ಯಾಟರಿಯ ಜೋಡಣೆ ಕಾಯಂ ಆಗಿರಲೇಬೇಕು ಅನ್ನುವ ಕಡೆ 11ನೇ ವಿಧಿ ಬಿಟ್ಟುಕೊಡುತ್ತದೆ. ಎಮರ್ಜೆನ್ಸಿ ಲೈಟ್ ಇದಕ್ಕೆ ಹೇಳಿ ಮಾಡಿಸಿದ್ದು ಅನಿಸುತ್ತದೆ, ಅಲ್ವಾ? ಸ್ವಲ್ಪ ನಿಧಾನ. ಷರತ್ತು ಎರಡಿವೆ, ನಡುವೆ ಮತ್ತು ಅಂತಿದೆ. ಮೊದಲನೆಯದನ್ನು ಈ ದೀಪ ಧಾರಾಳವಾಗಿ ದಾಟುತ್ತದೆ. ಎರಡನೆಯದು ಅಷ್ಟು ಸುಲಭವಲ್ಲ. ಮೇನ್ಸ್ (ಕಟ್ಟಡಕ್ಕೆ ಹೊರಗಿನಿಂದ ಬರುವ ಕರೆಂಟ್) ಇರುವಾಗ, ಹಗಲು ಹೊತ್ತಿನಲ್ಲಿ, ಒಂದು ದೀಪದ ಬ್ಯಾಟರಿ ಎರಡು ನಿಮಿಷ ಹೊರಗಿದ್ದರೆ ಯಾರ ಸುರಕ್ಷತೆ ಕೆಡುತ್ತದೆ? ಬೆಸುಗೆ ಹಾಕಿದ ತಂತಿಯೇ ಬೇಕು ಅನ್ನುವುದಕ್ಕೆ ತಾಂತ್ರಿಕ ಕಾರಣ ಕೊಡುವುದು ಕಷ್ಟ. ಈ ವಿನಾಯಿತಿಯನ್ನು ನಂಬಿಕೊಂಡು ಹಳೆಯ ವಿನ್ಯಾಸವನ್ನೇ ಮುಂದುವರಿಸುವುದು ದುರ್ಬಲ ವಾದ ಅಂತಲೇ ಹೇಳಬೇಕಾಗುತ್ತದೆ.

## ಸ್ವಿಚ್ ಆಫ್ ಆದರೂ ಆಫ್ ಆಗದ ಪೆಟ್ಟಿಗೆ

ಈಗ ಚೀಟಿಯ ಕಡೆಯ ವಾದ. ಯಾವುದೇ ವಿದ್ಯುತ್ ಉಪಕರಣ ಬಿಚ್ಚುವ ಮುಂಚೆ ನಮಗೆ ಗೊತ್ತಿರುವ ಒಂದೇ ಪಾಠ: ಸ್ವಿಚ್ ಆಫ್ ಮಾಡು. ಎಮರ್ಜೆನ್ಸಿ ಲೈಟಿನಲ್ಲಿ ಆ ಪಾಠ ಎರಡು ಸಲ ಕೈಕೊಡುತ್ತದೆ.

ಮೊದಲನೆಯದಾಗಿ, ಈ ದೀಪಗಳಲ್ಲಿ ಹಲವಕ್ಕೆ ಎರಡು ಲೈವ್ ತಂತಿ ಬರುತ್ತವೆ. ಒಂದು ಗೋಡೆಯ ಸ್ವಿಚ್ ಮೂಲಕ ಬಂದು ದಿನನಿತ್ಯದ ಬೆಳಕು ಕೊಡುತ್ತದೆ. ಇನ್ನೊಂದು ಸ್ವಿಚ್ ದಾಟದೆ ನೇರವಾಗಿ ಚಾರ್ಜರಿಗೆ ಬರುತ್ತದೆ. ಅದು ಹಾಗೆಯೇ ಬರಬೇಕು. ಇಲ್ಲದಿದ್ದರೆ ರಾತ್ರಿ ಯಾರೋ ಸ್ವಿಚ್ ಆರಿಸಿದ ಕೂಡಲೇ ದೀಪ ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿ ಖಾಲಿ ಮಾಡಿಬಿಡುತ್ತದೆ. ಪರಿಣಾಮ ಏನು? ಗೋಡೆಯ ಸ್ವಿಚ್ ಆರಿಸಿದರೆ ದೀಪ ಆರುತ್ತದೆ, ಆದರೆ ಪೆಟ್ಟಿಗೆಯೊಳಗೆ 230 ವೋಲ್ಟ್ ಹಾಗೇ ಕಾಯುತ್ತಿರುತ್ತದೆ. ಕಣ್ಣಿಗೆ ಸತ್ತಂತೆ ಕಾಣುವ ದೀಪ ಸತ್ತಿರುವುದಿಲ್ಲ.

ಸರಿ, ಆ ಸಾಲಿನ ಕರೆಂಟನ್ನೇ ಕಡಿಯುವ ಎಂಸಿಬಿ ಸ್ವಿಚ್ಚನ್ನು ಇಳಿಸೋಣ. ಆಗ ಎರಡನೆಯ ತಮಾಷೆ. ಮೇನ್ಸ್ ಪೂರ್ತಿ ಹೋದ ಕ್ಷಣವೇ ದೀಪ ಎದ್ದು ಕೂರುತ್ತದೆ. ಅದರ ಕೆಲಸವೇ ಅದು. ಉಳಿದ ಉಪಕರಣಗಳು ಕರೆಂಟ್ ತೆಗೆದರೆ ಮಲಗುತ್ತವೆ, ಇದೊಂದು ಎಚ್ಚರಾಗುತ್ತದೆ. ಬ್ಯಾಟರಿಯ ಕೆಲವೇ ವೋಲ್ಟನ್ನು ಡ್ರೈವರ್ ಎಲ್‌ಇಡಿ ಸಾಲಿಗೆ ಬೇಕಾದಷ್ಟು ಏರಿಸಿ ಕಳಿಸುತ್ತದೆ. ಹಳೆಯ ಟ್ಯೂಬ್‌ಲೈಟ್ ಮಾದರಿಗಳಲ್ಲಿ ಅದು ನೂರಾರು ವೋಲ್ಟ್ ತನಕ ಹೋಗುತ್ತಿತ್ತು. ಹೀಗಾಗಿ ಎಂಸಿಬಿ ಇಳಿಸಿದ ಮೇಲೂ ಒಳಗೆ ಮುಟ್ಟಬಾರದ ಜಾಗಗಳು ಉಳಿಯಬಹುದು.

ಕೈದೀಪಗಳಲ್ಲಿ ಇದಕ್ಕಿಂತ ಕೆಟ್ಟ ಪ್ರಕಾರವೊಂದಿದೆ. ಅಗ್ಗದ ದೀಪಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಮುಗಿಯಿತು. ಸುಮಾರು 1 ಮೈಕ್ರೋಫ್ಯಾರಡ್ ಕೆಪಾಸಿಟರ್ 230 ವೋಲ್ಟಿನಿಂದ 70 ಮಿಲಿಆಂಪಿಯರ್ ಆಸುಪಾಸಿನ ಕರೆಂಟ್ ಬಿಡುತ್ತದೆ. ಬ್ಯಾಟರಿ ತುಂಬಲು ಅಷ್ಟು ಸಾಕು. ಆದರೆ ಮೇನ್ಸಿಗೂ ಬ್ಯಾಟರಿಗೂ ನಡುವೆ ಗೋಡೆಯೇ ಇಲ್ಲ. ಪ್ಲಗ್ಗಿನಲ್ಲಿರುವಾಗ ಬ್ಯಾಟರಿಯ ತುದಿ ಮುಟ್ಟಿದರೆ ಮೇನ್ಸ್ ತಂತಿಯನ್ನೇ ಮುಟ್ಟಿದ ಹಾಗೆ. ಬ್ಯಾಟರಿ 4 ವೋಲ್ಟಿನದ್ದು ಅನ್ನುವುದು ಅಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇಂಥ ದೀಪಕ್ಕೆ ಬರೀ ಒಂದು ಸುಲಭದ ಮುಚ್ಚಳ ಇಟ್ಟು ಬ್ಯಾಟರಿ ಬದಲಿಸಬಹುದು ಅಂದರೆ ಅದು ಸುಧಾರಣೆಯಲ್ಲ, ಬಲೆ.

## ಶಾಕಿಗಿಂತ ದೊಡ್ಡ ಭಯ

ಇಷ್ಟಾದರೂ ಶಾಕ್ ಇಲ್ಲಿ ಎರಡನೇ ಚಿಂತೆ. ಮೊದಲನೆಯದು ತಪ್ಪು ಬ್ಯಾಟರಿ. ಶಾಕ್ ಹೊಡೆಯುವುದು ಬದಲಿಸುವ ಆ ಐದು ನಿಮಿಷದಲ್ಲಿ. ತಪ್ಪು ಬ್ಯಾಟರಿ ಹಾಕಿ ಮುಚ್ಚಳ ಮುಚ್ಚಿದರೆ ಅಪಾಯ ಆಮೇಲೆ ಶುರುವಾಗುತ್ತದೆ, ಅದೂ ಯಾರೂ ನೋಡದ ಹೊತ್ತಿನಲ್ಲಿ.

ಒಂದು ಉದಾಹರಣೆ. ನಿಕಲ್ ಕ್ಯಾಡ್ಮಿಯಂ ಸೆಲ್ 1.2 ವೋಲ್ಟಿನದ್ದು. ಮೂರು ಸೆಲ್ ಸಾಲಾಗಿ ಜೋಡಿಸಿದರೆ 3.6 ವೋಲ್ಟ್. ಈಗ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ನೋಡಿ. ಒಂದೇ ಸೆಲ್, ಅದರ ಮೇಲೆ ಬರೆದಿರುವುದೂ 3.6 ಅಥವಾ 3.7 ವೋಲ್ಟ್. ಚೀಟಿ ಓದಿದವರಿಗೆ ಎರಡೂ ಒಂದೇ. ಚಾರ್ಜರಿಗೆ ಅಲ್ಲ. ಕ್ಯಾಡ್ಮಿಯಂ ಚಾರ್ಜರ್ ಮಾಡುವುದು ಸಣ್ಣ ಕರೆಂಟನ್ನು ನಿಲ್ಲಿಸದೆ ತಳ್ಳುವ ಕೆಲಸ. ಇಷ್ಟು ವೋಲ್ಟ್ ಆದ ಕೂಡಲೇ ನಿಲ್ಲಬೇಕು ಅನ್ನುವ ಅರಿವು ಅದಕ್ಕೆ ಬೇಕಾಗಿಯೇ ಇಲ್ಲ. ತುಂಬಿದ ಮೇಲೆ ಬಂದ ಕರೆಂಟನ್ನು ಕ್ಯಾಡ್ಮಿಯಂ ಸೆಲ್ ಬಿಸಿಯಾಗಿ ಹೊರಹಾಕಿ ಸುಮ್ಮನಿರುತ್ತದೆ. ಲಿಥಿಯಂ ಸೆಲ್ 4.2 ವೋಲ್ಟ್ ದಾಟಿ ಒಂದು ತೊಟ್ಟು ಹೆಚ್ಚಿಗೆ ಕೊಟ್ಟರೂ ಸಹಿಸುವುದಿಲ್ಲ. ದಿನಗಟ್ಟಲೆ ತಳ್ಳಿದರೆ ಉಬ್ಬಬಹುದು, ಹೊಗೆಯಾಡಬಹುದು, ಹೊತ್ತಿಕೊಳ್ಳಬಹುದು. ಬೆಂಕಿಯಲ್ಲಿ ದಾರಿ ತೋರಬೇಕಾದ ದೀಪವೇ ಬೆಂಕಿಯ ಮೂಲವಾಗುತ್ತದೆ.

ಇದೇ ಥರದ ಹೋಲಿಕೆ ಬೇರೆಡೆಯೂ ಇದೆ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯ ಜಾಗಕ್ಕೆ ನಾಲ್ಕು ಐರನ್ ಫಾಸ್ಫೇಟ್ ಸೆಲ್ಲಿನ 12.8 ವೋಲ್ಟ್ ಪ್ಯಾಕ್ ಸರಿಯಾಗಿ ಕೂರುತ್ತದೆ. ಕೂರುವುದಕ್ಕೂ ಹೊಂದುವುದಕ್ಕೂ ವ್ಯತ್ಯಾಸವಿದೆ. ಇನ್ನು ತಲೆಕೆಳಗಾಗಿ ಜೋಡಿಸುವುದು, ಬರಿಯ ತುದಿಗಳಿಗೆ ಸ್ಕ್ರೂಡ್ರೈವರ್ ತಗುಲಿ ಶಾರ್ಟ್ ಆಗುವುದು, ಇವೂ ಇದ್ದೇ ಇವೆ. ಕ್ಯಾಡ್ಮಿಯಂ ಸೆಲ್ಲಿನ ಒಳತಡೆ ಬಹಳ ಕಡಿಮೆ. ಶಾರ್ಟ್ ಆದರೆ ಹತ್ತಾರು ಆಂಪಿಯರ್ ಒಮ್ಮೆಗೇ ಹರಿದು ಬೆರಳಿನ ಉಂಗುರವನ್ನು ಕೆಂಪಗೆ ಕಾಯಿಸಬಲ್ಲದು.

## ಎರಡು ಕೋಣೆಯ ಪೆಟ್ಟಿಗೆ

ಇಷ್ಟು ಹೊತ್ತಿಗೆ ಒಂದು ವಿಷಯ ಕಂಡಿರುತ್ತದೆ. ಬ್ಯಾಟರಿ ಮುಟ್ಟುವುದು ಅಪಾಯ ಆಗಿರುವುದು ಬ್ಯಾಟರಿಯಿಂದಲ್ಲ. ಅದನ್ನು ಮೇನ್ಸ್ ಇರುವ ಕೋಣೆಯಲ್ಲೇ ಕೂಡಿಹಾಕಿದ್ದರಿಂದ. ಒಂದು ಬಾಗಿಲು ತೆರೆದರೆ ಎರಡೂ ಬಯಲಾಗುತ್ತವೆ. ಹಾಗಾಗಿ ಚೀಟಿ ಅಂಟಿಸಲೇಬೇಕಾಯಿತು.

ಪರಿಹಾರದ ಮೊದಲ ಹೆಜ್ಜೆ ಕೋಣೆ ಬೇರೆ ಮಾಡುವುದು. ಮೇನ್ಸ್ ತಂತಿ, ಚಾರ್ಜರ್, ಡ್ರೈವರ್ ಒಂದು ಕಡೆ. ಅದರ ಬಾಗಿಲು ಎಲೆಕ್ಟ್ರಿಷಿಯನ್‌ಗೆ ಮಾತ್ರ. ಬ್ಯಾಟರಿ ಇನ್ನೊಂದು ಕಡೆ, ಅದಕ್ಕೆ ಅದರದೇ ಬಾಗಿಲು. ಎರಡರ ನಡುವೆ ಪ್ಲಾಸ್ಟಿಕ್ ಗೋಡೆ ಸಾಲದು, ವಿದ್ಯುತ್ತಿನ ಗೋಡೆಯೂ ಬೇಕು. ಚಾರ್ಜರಿನೊಳಗೆ ಸರಿಯಾದ ಟ್ರಾನ್ಸ್‌ಫಾರ್ಮರ್ ಇದ್ದು, ಮೇನ್ಸಿಗೂ ಬ್ಯಾಟರಿ ಕಡೆಗೂ ನಡುವೆ ಕರೆಂಟ್ ದಾಟದಂತೆ ಇಮ್ಮಡಿ ನಿರೋಧನ (ಇನ್ಸುಲೇಶನ್) ಇರಬೇಕು. ತಾಂತ್ರಿಕ ಭಾಷೆಯಲ್ಲಿ ಬ್ಯಾಟರಿ ಕಡೆ ಎಸ್‌ಇಎಲ್‌ವಿ ಆಗಿರಬೇಕು ಅನ್ನುತ್ತಾರೆ. ಅಂದರೆ, ಒಂದು ದೋಷ ಬಂದರೂ ಆ ಕಡೆ ಅಪಾಯದ ವೋಲ್ಟೇಜ್ ಕಾಣಿಸಿಕೊಳ್ಳಬಾರದು. ಎಲ್‌ಇಡಿಗೆ ಹೋಗುವ ಏರಿಸಿದ ವೋಲ್ಟೇಜ್ ಕೂಡ ಬ್ಯಾಟರಿ ಕೋಣೆಯ ಕಡೆ ತಲೆ ಹಾಕಬಾರದು.

ಇದರಿಂದ ಇನ್ನೊಂದು ಲಾಭ ತಾನಾಗಿಯೇ ಬರುತ್ತದೆ. ಬೇರೆ ಕೋಣೆಗೆ ಹೋದ ಬ್ಯಾಟರಿ ಡ್ರೈವರಿನ ಬಿಸಿಯಿಂದಲೂ ದೂರವಾಗುತ್ತದೆ. ತಂಪಾಗಿ ಇರುತ್ತದೆ, ಜಾಸ್ತಿ ಬಾಳುತ್ತದೆ. ಸುಲಭವಾಗಿ ಬದಲಿಸಲು ಮಾಡಿದ ವಿನ್ಯಾಸವೇ ಬದಲಿಸುವ ಅಗತ್ಯವನ್ನು ಕಡಿಮೆ ಮಾಡುತ್ತದೆ. ಎಲ್‌ಇಡಿ ಬಂದಿದ್ದೂ ಇದಕ್ಕೆ ಅನುಕೂಲ. ಹಿಂದೆ 8 ವಾಟಿನ ಟ್ಯೂಬನ್ನು ಮೂರು ಗಂಟೆ ಉರಿಸಲು 24 ವಾಟ್ ಅವರ್ ಶಕ್ತಿ ಬೇಕಿತ್ತು. 3 ವಾಟಿನ ಎಲ್‌ಇಡಿಗೆ 9 ಸಾಕು. 3.2 ವೋಲ್ಟಿನ ಒಂದೇ ಐರನ್ ಫಾಸ್ಫೇಟ್ ಸೆಲ್, 3 ಆಂಪಿಯರ್ ಅವರ್ ಇದ್ದರೆ ಆ ಲೆಕ್ಕ ಮುಟ್ಟುತ್ತದೆ. ಉದ್ದನೆಯ ಸೆಲ್ ಕಡ್ಡಿಯ ಬದಲು ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ ಸಾಕಾಗುತ್ತದೆ.

ಆ ಕ್ಯಾಸೆಟ್ ಹೇಗಿರಬೇಕು ಅನ್ನುವುದೇ ವಿನ್ಯಾಸದ ನಿಜವಾದ ಪರೀಕ್ಷೆ. ಬರಿಯ ಸೆಲ್ ಯಾರ ಕೈಗೂ ಸಿಗಬಾರದು. ಪ್ಲಾಸ್ಟಿಕ್ ಕವಚ, ಒಳಗೇ ಫ್ಯೂಸ್, ತುದಿಗಳು ಒಳಗೆ ಅಡಗಿರುವ ಕನೆಕ್ಟರ್. ಒಂದೇ ದಿಕ್ಕಿನಲ್ಲಿ ಮಾತ್ರ ಕೂರುವ ಆಕಾರ. ಬೇರೆ ಜಾತಿಯ ಬ್ಯಾಟರಿಯ ಕನೆಕ್ಟರ್ ಅಲ್ಲಿ ತೂರಲೇಬಾರದು. ಕೆಲಸ ನಡೆಯುವುದು ಏಣಿಯ ಮೇಲೆ ಅನ್ನುವುದನ್ನು ವಿನ್ಯಾಸ ಮಾಡುವವರು ಮೇಜಿನ ಮುಂದೆ ಕೂತು ಮರೆಯುತ್ತಾರೆ. ಒಂದು ಕೈ ಏಣಿ ಹಿಡಿದಿರುತ್ತದೆ. ಹಾಗಾಗಿ ಕ್ಯಾಸೆಟ್ ಒಂದೇ ಕೈಯಲ್ಲಿ ಬರಬೇಕು, ಮುಚ್ಚಳ ಕೀಲಿನಲ್ಲಿ ನೇತಾಡಬೇಕು, ಸ್ಕ್ರೂ ಬಿಚ್ಚಿದ ಮೇಲೂ ಮುಚ್ಚಳದಲ್ಲೇ ಉಳಿಯಬೇಕು. ಕೆಳಗೆ ಬಿದ್ದ ಸ್ಕ್ರೂ ಹಿಡಿಯಲು ಹೋಗಿ ಆಗುವ ಅನಾಹುತ ಶಾಕಿನಷ್ಟೇ ನಿಜ.

ಬದಲಿಸುವಾಗ ದೀಪ ಎಚ್ಚರಾಗುವ ಸಮಸ್ಯೆಗೂ ಉತ್ತರವಿದೆ. ಬ್ಯಾಟರಿ ಕಡೆ ಪೂರ್ತಿ ಸುರಕ್ಷಿತವಾಗಿದ್ದರೆ ಮೇನ್ಸ್ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ತೆಗೆದರೂ, ಹಲವು ಡ್ರೈವರುಗಳಲ್ಲಿ ರೆಸ್ಟ್ ಮೋಡ್ ಅಂತ ಇರುತ್ತದೆ. ಮೇನ್ಸ್ ಹೋಗಿ ದೀಪ ಹೊತ್ತಿದ ಮೇಲೆ ಒಂದು ಆದೇಶ ಕೊಟ್ಟು ಅದನ್ನು ಮಲಗಿಸಬಹುದು. ಮೇನ್ಸ್ ಬಂದಾಗ ಅದು ತಾನಾಗಿ ಮೊದಲಿನ ಸ್ಥಿತಿಗೆ ಬರುತ್ತದೆ.

ಬಾಗಿಲು ತೆರೆದರೆ ಬ್ಯಾಟರಿ ಕಡಿದುಹೋಗುವ ಸ್ವಿಚ್ ಇಡಬಾರದೇ? ಇಡಬಹುದು, ಆದರೆ ಇದು ಎರಡಲಗಿನ ಕತ್ತಿ. ಆ ಸ್ವಿಚ್ ನಾಲ್ಕು ವರ್ಷದ ನಂತರ ತುಕ್ಕು ಹಿಡಿದು ಸಂಪರ್ಕ ಕೊಡದಿದ್ದರೆ, ಬೇಕಾದ ರಾತ್ರಿ ದೀಪ ಹೊತ್ತುವುದಿಲ್ಲ. ಪ್ರತಿ ಹೊಸ ಸಂಪರ್ಕವೂ ಕೆಡಬಹುದಾದ ಒಂದು ಜಾಗ. ಪ್ಲಗ್ ಕನೆಕ್ಟರಿಗೂ ಈ ಮಾತು ಒಪ್ಪುತ್ತದೆ. ಬೆಸುಗೆಯ ಪರ ಇರುವವರ ಅತಿ ಗಟ್ಟಿ ವಾದ ಇದೇ, ಅದನ್ನು ತಳ್ಳಿಹಾಕುವಂತಿಲ್ಲ. ಬ್ಯಾಟರಿ ಸರಿಯಾಗಿ ಕೂತಿಲ್ಲದಿದ್ದರೆ ಹಸಿರು ಸೂಚಕ ಆರಬೇಕು ಅಥವಾ ಕೆಂಪಾಗಬೇಕು, ಅದೂ ನೆಲದಿಂದ ನಿಂತು ನೋಡಿದರೆ ಕಾಣಬೇಕು. ಅಷ್ಟಿದ್ದರೆ ಈ ವಾದಕ್ಕೆ ಉತ್ತರ ಸಿಕ್ಕಂತೆ.

## ಗುರುತು ಹಿಡಿಯುವುದೋ, ಬೀಗ ಹಾಕುವುದೋ

ತಪ್ಪು ಬ್ಯಾಟರಿಯನ್ನು ತಡೆಯುವ ಅತ್ಯುತ್ತಮ ದಾರಿ ಅಂದರೆ ಚಾರ್ಜರ್ ಬ್ಯಾಟರಿಯನ್ನು ಗುರುತಿಸುವುದು. ಗುರುತು ಸಿಗದಿದ್ದರೆ ಚಾರ್ಜ್ ಮಾಡಬಾರದು. ಇಲ್ಲಿಯೇ ಕಾನೂನು ಮತ್ತು ಸುರಕ್ಷತೆ ನೇರವಾಗಿ ಡಿಕ್ಕಿ ಹೊಡೆಯುವುದು. ಕಂಪನಿ ಇದನ್ನು ಸುರಕ್ಷತೆ ಅನ್ನುತ್ತದೆ. ಬೇರೆ ಕಡೆಯಿಂದ ಬ್ಯಾಟರಿ ಕೊಳ್ಳಲು ಹೋದವರು ಇದನ್ನು ಬೀಗ ಅನ್ನುತ್ತಾರೆ. ಸಾಫ್ಟ್‌ವೇರ್ ತಡೆ ಬೇಡ ಅನ್ನುವ ಮಾತು ಈ ಎರಡನೆಯವರಿಗಾಗಿ.

ವ್ಯತ್ಯಾಸ ಇರುವುದು ಗುರುತಿನ ಬಗೆಯಲ್ಲಿ. ಪ್ಯಾಕಿನಲ್ಲಿ ಮೂರನೇ ತಂತಿಯೊಂದರ ಮೇಲೆ ಬಿಸಿ ಅಳೆಯುವ ಥರ್ಮಿಸ್ಟರ್ ಇಟ್ಟು, ಅದರ ವಿದ್ಯುತ್ ತಡೆ (ರೆಸಿಸ್ಟೆನ್ಸ್) ಇಂತಿಷ್ಟು ಅಂತ ಬಹಿರಂಗವಾಗಿ ಬರೆದಿಟ್ಟರೆ ಯಾವ ತಯಾರಕರೂ ಹೊಂದುವ ಪ್ಯಾಕ್ ಮಾಡಬಹುದು. ಜೊತೆಗೆ ಬಿಸಿಯೂ ಅಳೆದಂತಾಯಿತು. ಲಿಥಿಯಂ ಅನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅನ್ನುವ ನಿಯಮವನ್ನೂ ಅದೇ ತಂತಿ ಪಾಲಿಸುತ್ತದೆ. ಅದರ ಬದಲು ಗುಪ್ತಸಂಕೇತದ ಚಿಪ್ ಇಟ್ಟು, ನಮ್ಮ ಬ್ಯಾಟರಿ ಬಿಟ್ಟು ಬೇರೆಯದು ನಡೆಯದು ಅಂದರೆ ಅದು ಸುರಕ್ಷತೆಯ ವೇಷದ ವ್ಯಾಪಾರ. ಮೊದಲನೆಯದು ಜಾತಿ ಕೇಳುತ್ತದೆ, ಎರಡನೆಯದು ಮನೆತನ ಕೇಳುತ್ತದೆ. ಬೆಂಕಿ ತಡೆಯಲು ಜಾತಿ ಗೊತ್ತಾದರೆ ಸಾಕು.

## ಯಾರ ಚಿಂತೆ ಏನು

ಅಗ್ನಿ ಸುರಕ್ಷತೆ ನೋಡುವವರ ಮುಖ್ಯ ಅಂಜಿಕೆ ಶಾಕ್ ಅಲ್ಲ, ಖಾಲಿ ಪೆಟ್ಟಿಗೆ. ಸುಲಭವಾಗಿ ಬರುವ ಬ್ಯಾಟರಿ ಸುಲಭವಾಗಿ ಕಳುವೂ ಆಗುತ್ತದೆ. ಹೊರಗಿನಿಂದ ನೋಡಿದರೆ ದೀಪ ಇದೆ, ಒಳಗೆ ಏನೂ ಇಲ್ಲ. ಇದಕ್ಕೆ ಕಾನೂನಿನೊಳಗೇ ದಾರಿಯಿದೆ. ವಿಶೇಷ ಸಲಕರಣೆಯನ್ನು ಪುಕ್ಕಟೆ ಕೊಟ್ಟರೆ ಅಡ್ಡಿಯಿಲ್ಲ ಅಂತ ಅದೇ ಹೇಳಿದೆ. ಮಾಮೂಲಿ ಸ್ಕ್ರೂಡ್ರೈವರಿಗೆ ಬಗ್ಗದ ಸ್ಕ್ರೂ ಹಾಕಿ, ಅದರ ಕೀಲಿಯನ್ನು ದೀಪ ಮಾರುವ ಡಬ್ಬಿಯಲ್ಲೇ ಇಟ್ಟರೆ ಆಯಿತು. ಕೀಲಿ ಕಟ್ಟಡದವರ ಬಳಿ ಇರುತ್ತದೆ, ದಾರಿಹೋಕರ ಬಳಿ ಇರುವುದಿಲ್ಲ.

ತಯಾರಕರ ಚಿಂತೆ ನೀರು ಮತ್ತು ಖರ್ಚು. ಹೊರಾಂಗಣದ ದೀಪಕ್ಕೆ ಎರಡನೇ ಬಾಗಿಲು ಅಂದರೆ ಎರಡನೇ ರಬ್ಬರ್ ಸೀಲು, ನೀರು ನುಗ್ಗಲು ಎರಡನೇ ಜಾಗ. ಖರ್ಚು ಏರುವುದು ಖಂಡಿತ. ಜವಾಬ್ದಾರಿಯ ಪ್ರಶ್ನೆ ಇನ್ನೂ ಜಟಿಲ. ದೀಪ ಪರೀಕ್ಷೆ ಪಾಸಾಗಿದ್ದು ಒಂದು ಬ್ಯಾಟರಿಯ ಜೊತೆ. ಬೇರೆಯವರ ಬ್ಯಾಟರಿ ಹಾಕಿ, ಮೂರು ಗಂಟೆಯ ಬದಲು ಎರಡೇ ಗಂಟೆ ಉರಿದರೆ ತಪ್ಪು ಯಾರದು? ತೆಗೆದು ಹಾಕಿದ ಮೇಲೆ ಉಪಕರಣದ ಕೆಲಸ, ಸುರಕ್ಷತೆ ಕೆಡಬಾರದು ಅಂತ ಕಾನೂನು ಹೇಳುತ್ತದೆ. ಅದನ್ನು ಪ್ರತಿ ಜೋಡಿಗೂ ಸಾಬೀತು ಮಾಡುವವರು ಯಾರು ಅನ್ನುವ ಜಗಳ ಮುಂದೆ ಬರುವುದು ನಿಶ್ಚಿತ.

ಪರಿಸರದ ಕಡೆಯವರ ವಾದ ಸರಳ, ಮೇಲೆ ಹೇಳಿದ ನಾಲ್ಕು ವರ್ಷದ ಲೆಕ್ಕವೇ ಅದು. ಅದಕ್ಕೆ ಇನ್ನೊಂದು ಸೇರಿಸಬಹುದು. ಬೇರೆಯಾಗಿ ಬಂದ ಬ್ಯಾಟರಿ ಬ್ಯಾಟರಿಗಳ ಮರುಬಳಕೆಗೆ ಹೋಗುತ್ತದೆ. ದೀಪದೊಳಗೆ ಸಿಕ್ಕಿಕೊಂಡ ಬ್ಯಾಟರಿ ಕಸ ಪುಡಿಮಾಡುವ ಯಂತ್ರಕ್ಕೆ ಹೋಗಿ ಅಲ್ಲಿ ಕಿಡಿ ಹಾರಿಸಬಹುದು.

## ಬದಲಿಸಿದ ಮೇಲಿನ ಒಂದು ದಿನ

ಸುದ್ದಿಗಳಲ್ಲಿ ಬಿಟ್ಟುಹೋದ ಸಂಗತಿ ಒಂದಿದೆ. ಫೋನಿನ ಬ್ಯಾಟರಿ ಬದಲಿಸಿದರೆ ಕೆಲಸ ಮುಗಿಯಿತು. ಈ ದೀಪದ್ದು ಮುಗಿಯುವುದಿಲ್ಲ. ಹೊಸ ಬ್ಯಾಟರಿ ಪೂರ್ತಿ ತುಂಬಲು 24 ಗಂಟೆ ತನಕ ಹಿಡಿಯಬಹುದು. ಅಲ್ಲಿಯವರೆಗೆ ದೀಪ ತನ್ನ ಪೂರ್ತಿ ಅವಧಿ ಉರಿಯುತ್ತದೆ ಅನ್ನುವ ಭರವಸೆ ಇಲ್ಲ. ತುಂಬಿದ ಮೇಲೆ ಪೂರ್ತಿ ಅವಧಿಯ ಪರೀಕ್ಷೆ ಮಾಡಬೇಕು. ಪರೀಕ್ಷೆ ಮುಗಿದಾಗ ಬ್ಯಾಟರಿ ಖಾಲಿ. ಮತ್ತೆ ತುಂಬಬೇಕು. ಒಂದು ಮಹಡಿಯ ಎಲ್ಲ ದೀಪಗಳನ್ನೂ ಒಂದೇ ಮಧ್ಯಾಹ್ನ ಬದಲಿಸಿದರೆ ಆ ಮಹಡಿ ಒಂದು ರಾತ್ರಿ ಪೂರ್ತಿ ಅರೆ ಕುರುಡು. ಒಂದು ಬಿಟ್ಟು ಒಂದರಂತೆ ಮಾಡುವುದೇ ಸರಿ.

ಬ್ಯಾಟರಿ ಮೇಲೆ ಹಾಕಿದ ತಾರೀಖು ಬರೆಯಬೇಕು, ದಾಖಲೆ ಪುಸ್ತಕದಲ್ಲೂ ಬರೆಯಬೇಕು. ತಿಂಗಳಿಗೊಮ್ಮೆ ಚಿಕ್ಕ ಪರೀಕ್ಷೆ, ವರ್ಷಕ್ಕೊಮ್ಮೆ ಪೂರ್ತಿ ಅವಧಿಯದ್ದು, ಇದು ಹಲವು ದೇಶಗಳಲ್ಲಿ ಇರುವ ಕ್ರಮ. ಅಮೆರಿಕದಲ್ಲಿ ತಿಂಗಳದ್ದು 30 ಸೆಕೆಂಡ್, ವರ್ಷದ್ದು 90 ನಿಮಿಷ. ಬಳಸುವವರೇ ಬದಲಿಸುವಂತಿರುವ ದೀಪದಲ್ಲಿ ಈ ಕೆಲಸವನ್ನು ದೀಪವೇ ಮಾಡಿಕೊಳ್ಳುವುದು ವಾಸಿ. ಹೊಸ ಬ್ಯಾಟರಿ ಬಂದದ್ದನ್ನು ಗಮನಿಸಿ, 24 ಗಂಟೆ ಕಾದು, ತಾನೇ ಪರೀಕ್ಷೆ ಮಾಡಿಕೊಂಡು, ಪಾಸಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಸ್ವಯಂ ಪರೀಕ್ಷೆಯ ಸರ್ಕ್ಯೂಟುಗಳು ಈಗಾಗಲೇ ಬಳಕೆಯಲ್ಲಿವೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

## ಮುಂದೆ ಏನಾಗಬಹುದು

ದೊಡ್ಡ ಕಟ್ಟಡಗಳು ಈ ಜಂಜಾಟವೇ ಬೇಡ ಅಂತ ಬೇರೆ ದಾರಿ ಹಿಡಿಯಬಹುದು. ದೀಪಗಳಲ್ಲಿ ಬ್ಯಾಟರಿಯೇ ಇಡದೆ, ಒಂದು ಕೋಣೆಯಲ್ಲಿ ದೊಡ್ಡ ಬ್ಯಾಟರಿಗಳನ್ನು ಕೂರಿಸಿ ಅಲ್ಲಿಂದ ಎಲ್ಲಕ್ಕೂ ಕರೆಂಟ್ ಕೊಡುವ ಪದ್ಧತಿ ಹಳೆಯದು. ಇಎನ್ 50171 ಅದರ ಮಾನದಂಡ. ಬದಲಿಸುವುದು ನೆಲದ ಮೇಲೆ ನಿಂತು, ತಂಪಾದ ಕೋಣೆಯಲ್ಲಿ. ಬೆಲೆ ತೆರಬೇಕಾದದ್ದು ತಂತಿಗೆ. ಬೆಂಕಿಯಲ್ಲೂ ಕಡಿಯದ ಕೇಬಲ್ಲನ್ನು ಕಟ್ಟಡವಿಡೀ ಎಳೆಯಬೇಕು. ಚಿಕ್ಕ ಕಟ್ಟಡಕ್ಕೆ ಇದು ನಿಲುಕುವುದಿಲ್ಲ, ಅಲ್ಲಿ ಒಳಗೇ ಬ್ಯಾಟರಿ ಇರುವ ದೀಪವೇ ಉಳಿಯುತ್ತದೆ.

ಕೈದೀಪಗಳಲ್ಲಿ ಬದಲಾವಣೆ ಬೇಗ ಕಾಣಬಹುದು. ಕೆಪಾಸಿಟರ್ ಚಾರ್ಜರ್ ಮತ್ತು ಸುಲಭದ ಬ್ಯಾಟರಿ ಬಾಗಿಲು ಒಟ್ಟಿಗೆ ಬಾಳುವುದಿಲ್ಲ. ಹಾಗಾಗಿ ಮೇನ್ಸ್ ಭಾಗ ದೀಪದಿಂದ ಹೊರಗೆ, ಅಡಾಪ್ಟರಿಗೆ ಹೋಗುತ್ತದೆ. ದೀಪಕ್ಕೆ ಬರುವುದು 5 ವೋಲ್ಟ್ ಮಾತ್ರ. ಆಗ ಒಳಗೆ ಯಾರು ಕೈ ಹಾಕಿದರೂ ಶಾಕಿನ ಮಾತೇ ಇಲ್ಲ. ತಪ್ಪು ಬ್ಯಾಟರಿಯ ಮಾತು ಮಾತ್ರ ಉಳಿಯುತ್ತದೆ.

ಇನ್ನೊಂದು ಕಡೆ ನಿಧಾನದ ಸಮಸ್ಯೆಯೊಂದು ಇದೆ. ಕಾನೂನು ಅನ್ವಯಿಸುವುದು ಆ ತಾರೀಖಿನ ನಂತರ ಮಾರುಕಟ್ಟೆಗೆ ಬರುವ ದೀಪಗಳಿಗೆ. ಈಗಾಗಲೇ ಸೀಲಿಂಗಿನಲ್ಲಿರುವ ದೀಪಗಳು ಅದೇ ಹಳೆಯ ಒಂದೇ ಕೋಣೆಯ ಪೆಟ್ಟಿಗೆಗಳು, ಇನ್ನೂ ಹಲವು ವರ್ಷ ಅಲ್ಲೇ ಇರುತ್ತವೆ. ಬ್ಯಾಟರಿ ಬಳಸುವವರೇ ಬದಲಿಸಬಹುದು ಅನ್ನುವ ಸುದ್ದಿ ಓದಿದವರು ಹಳೆಯ ಪೆಟ್ಟಿಗೆಯ ಕೆಳಗೂ ಏಣಿ ಇಡಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹೊಸ ದೀಪದ ಬ್ಯಾಟರಿ ಬಾಗಿಲಿಗೆ ಬೇರೆ ಬಣ್ಣ, ಬೇರೆ ಗುರುತು ಕೊಡುವುದು ಅಲಂಕಾರವಲ್ಲ. ಆ ಬಣ್ಣ ಕಾಣದ ದೀಪದ ಮೇಲೆ ಹಳೆಯ ಚೀಟಿಯ ಮಾತೇ ಇನ್ನೂ ನಡೆಯುತ್ತದೆ: ತೆರೆಯಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ.